ನೀರಿನಲ್ಲಿ ಕಂಡ ಮೆಟ್ಟಿಲು

ನಮ್ಮ ಚಿಕ್ಕಮ್ಮನನ್ನು ಪಂಪ್‌ಹೌಸಿನಲ್ಲಿ ಎಲ್ಲರೂ ‘ಗಡಿಯಾರ’ ಅಂತಲೇ ಕರೆಯುತ್ತಿದ್ದರು. ಪಾಳಿಗೆ ಬರುವುದು ಗಂಟೆ ಹೊಡೆದ ಹಾಗೆ, ಕುರ್ಚಿಯಿಂದ ಏಳುವುದು ಮುಂದಿನ ಪಾಳಿಯವನು ಬಂದು ನಿಂತ ಮೇಲೆ. ಅಂಥವಳು ಕೆಲಸದ ಹೊತ್ತಿನಲ್ಲಿ ನಿದ್ದೆ ಹೊಡೆದು ಮೋಟರು ಸುಟ್ಟಳು ಅಂತ ಊರೆಲ್ಲ ಮಾತಾಯಿತು. ಊರು ಮಾತಾಡಿದ್ದಕ್ಕೆ ನನಗೇನೂ ಇಲ್ಲ, ಅದಕ್ಕೆ ಬೇರೆ ಕೆಲಸವೇನಿದೆ? ಚಿಕ್ಕಮ್ಮನೇ ಅದನ್ನು ನಂಬಲು ಶುರು ಮಾಡಿದಳಲ್ಲ, ಆಗ ನನ್ನ ಮೈಯೆಲ್ಲ ಉರಿದುಹೋಯಿತು.

ನಡೆದದ್ದು ಇಷ್ಟು. ಪಂಪ್‌ಹೌಸಿನ ಹಿಂದೆ ನೆಲದೊಳಗೆ ಒಂದು ದೊಡ್ಡ ತೊಟ್ಟಿ ಇದೆ. ಅದರ ನೀರನ್ನು ಮೋಟರು ಎತ್ತಿ ಊರಿನ ಟ್ಯಾಂಕಿಗೆ ಕಳಿಸುತ್ತದೆ. ತೊಟ್ಟಿಯಲ್ಲಿ ನೀರು ಎಷ್ಟಿದೆ ಅನ್ನುವುದನ್ನು ಕಂಟ್ರೋಲ್ ರೂಮಿನ ಕಂಪ್ಯೂಟರ್ ಪರದೆಯಲ್ಲಿ ಒಂದು ನೀಲಿ ಪಟ್ಟಿ ತೋರಿಸುತ್ತದೆ. ನೀಲಿ ಕೆಂಪು ಗೆರೆಗಿಂತ ಕೆಳಗಿಳಿದರೆ ಆಪರೇಟರ್ ಮೋಟರನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಅದು ನೀರಿಲ್ಲದೆ ತಿರುಗಿ ತಿರುಗಿ ಸುಟ್ಟುಹೋಗುತ್ತದೆ. ಎಚ್ಚರಿಸಲು ಒಂದು ಗಂಟೆಯೂ ಇತ್ತು, ಅದು ಕೆಟ್ಟು ಯಾವ ಕಾಲವಾಯಿತೋ. ಆ ದಿನ ಮಧ್ಯಾಹ್ನ ಚಿಕ್ಕಮ್ಮನ ಪಾಳಿಯಲ್ಲಿ ತೊಟ್ಟಿ ಬರಿದಾಗಿ, ಮೋಟರಿನಿಂದ ಹೊಗೆ ಬಂದು, ಅರ್ಧ ಊರು ನಲ್ಲಿ ತಿರುಗಿಸಿ ಬೈದುಕೊಂಡಿತು. ಮಾರನೆಯ ದಿನವೇ ಬೇರೆ ಮೋಟರು ತಂದು ಕೂರಿಸಿದರು.

“ನಾನು ಪರದೆ ನೋಡ್ತಾನೇ ಇದ್ದೆ, ನೀಲಿ ಮೇಲೇ ಇತ್ತು” ಅಂದಳು ಚಿಕ್ಕಮ್ಮ. ಆದರೆ ತೊಟ್ಟಿಯ ಅಳತೆ ಕಂಪ್ಯೂಟರಿಗೆ ಕ್ಷಣಕ್ಷಣವೂ ಸರಿಯಾಗಿಯೇ ಬಂದಿತ್ತು, ಅದರ ನೆನಪಿನಲ್ಲಿ ನೀರು ಇಳಿಯುತ್ತಾ ಹೋದದ್ದು ಸ್ಪಷ್ಟವಾಗಿತ್ತು. ಆ ಲೆಕ್ಕದ ಕಿಟಕಿ ತೆರೆದು ನೋಡಿ ಮುಚ್ಚಿದಾಗ ನೀಲಿಯೂ ತಳದಲ್ಲೇ ಇತ್ತು. ಊಟ ಮುಗಿದ ಹೊತ್ತು, ಐವತ್ತು ದಾಟಿದ ಹೆಂಗಸು, ತಲೆಯ ಮೇಲೆ ಫ್ಯಾನು. ಗೂಬೆ ಕೂರಿಸಲು ಇನ್ನೇನು ಬೇಕು?

ಅಲ್ಲಿನ ದೊಡ್ಡ ಇಂಜಿನಿಯರು ಕೆಟ್ಟ ಮನುಷ್ಯರೇನಲ್ಲ. “ಶುಕ್ರವಾರ ಎಲ್ಲರ ಮುಂದೆ ತೂಕಡಿಸಿದ್ದು ನಿಜ ಅಂತ ಒಂದು ಮಾತು ಹೇಳಿಬಿಡಿ. ಸಾಮಾನು ಕಾಯೋ ಸ್ಟೋರಿಗೆ ಹಾಕಿ ವಿಷಯ ಮುಗಿಸ್ತೀನಿ. ಹೇಳಲ್ಲ ಅಂದ್ರೆ ಕೆಲಸದಿಂದಲೇ ತೆಗೀಬೇಕಾಗುತ್ತೆ” ಅಂದಿದ್ದರು. ಅಲ್ಲಿಯವರೆಗೆ ಮನೆಯಲ್ಲಿರಲು ಹೇಳಿ ಕಳಿಸಿದ್ದರು.

ಮನೆಯೆಂದರೆ ನಮ್ಮದೇ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಚಿಕ್ಕಮ್ಮ, ಈಗ ನನ್ನ ಮಗಳನ್ನೂ ಅವಳೇ ಸಾಕುತ್ತಿದ್ದಾಳೆ. ಮಗುವಿಗೆ ಇನ್ನೂ ಹಲ್ಲು ಬರುತ್ತಿದೆ. ಬೆಳಿಗ್ಗೆಯೆಲ್ಲ ಚಿಕ್ಕಮ್ಮನ ಮಡಿಲು, ಅವಳು ಪಾಳಿಗೆ ಹೊರಟ ಮೇಲೆ ನನ್ನ ಗಂಡನ ಹೆಗಲು. ಮೋಟರು ಸುಟ್ಟ ಮಾರನೆಯ ದಿನ ನಾನು ಎಂದಿನಂತೆ ಮಗುವನ್ನು ಅವಳ ಮುಂದೆ ಹಿಡಿದೆ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ಬೇಡ ಕಣೇ. ನಾನು ಕೂತಲ್ಲೇ ತೂಕಡಿಸಿಬಿಟ್ರೆ? ಮಗು ಕೈಜಾರಿದ್ರೆ?”

“ನೀನು ಯಾವತ್ತು ತೂಕಡಿಸಿದ್ದೀಯಾ?”

“ಅವತ್ತು ತೂಕಡಿಸಿದ್ದೂ ನಂಗೆ ಗೊತ್ತಾಗ್ಲಿಲ್ಲವಲ್ಲ. ಅದೇ ಭಯ ಆಗೋದು.”

ಅಂದಿನಿಂದ ಅವಳು ಒರಗು ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟಳು. ಒಲೆ ಹಚ್ಚಿದರೆ ಅದರ ಪಕ್ಕದಲ್ಲೇ ನೆಟ್ಟಗೆ ನಿಂತಿರುತ್ತಿದ್ದಳು. ಸರಿಯಾಗಿ ಮಲಗುತ್ತಲೂ ಇರಲಿಲ್ಲ. ಮಗು ತೆವಳಿಕೊಂಡು ಹೋಗಿ ಅವಳ ಕಾಲು ಹಿಡಿದರೆ ನನ್ನನ್ನು ಕೂಗಿ ಕರೆಯುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಅಳುವ ಬದಲು ನಾನು ಸಿಟ್ಟು ಮಾಡಿಕೊಂಡೆ. ಸಿಟ್ಟು ನನಗೆ ಸುಲಭವಾಗಿ ಬರುವ ವಿದ್ಯೆ. ಶುಕ್ರವಾರಕ್ಕೆ ಮುಂಚೆ ಇದರ ಬೇರು ಹುಡುಕದಿದ್ದರೆ ನಾನು ನಾನೇ ಅಲ್ಲ ಅಂದುಕೊಂಡು ಆಫೀಸಿಗೆ ಹೊರಟೆ.

ಆಫೀಸಿಗೇ ಯಾಕೆ ಅಂದರೆ, ಆ ನೀಲಿ ಪಟ್ಟಿಯ ಪ್ರೋಗ್ರಾಮ್ ನಮ್ಮದೇ. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ನಾಲ್ಕು ಮೇಜು, ಅಷ್ಟೇ ನಮ್ಮ ಕಂಪನಿ. ಬರೆದವರು ನಮ್ಮ ಹಿರಿಯರು. ನಾವು ಅವರನ್ನು ಮೇಷ್ಟ್ರು ಅನ್ನುತ್ತೇವೆ, ಯಾಕೆಂದರೆ ಟೈಮ್ ಎಷ್ಟು ಸಾರ್ ಅಂತ ಕೇಳಿದರೂ ಗಡಿಯಾರ ಹೇಗೆ ನಡೆಯುತ್ತದೆ ಅಂತ ಪಾಠ ಮಾಡುತ್ತಾರೆ. ಮೋಟರು ಸುಡುವ ಹಿಂದಿನ ದಿನವಷ್ಟೇ ಅವರು ಪಂಪ್‌ಹೌಸಿಗೆ ಹೋಗಿ ಹೊಸ ಪ್ರೋಗ್ರಾಮ್ ಹಾಕಿ ಬಂದಿದ್ದರು. ಹಳೆಯದರಲ್ಲಿ ಪರದೆ ಸದಾ ಮಿಣುಕುತ್ತಿತ್ತು. ‘ಕಣ್ಣು ಚುಚ್ಚುತ್ತೆ, ಸರಿ ಮಾಡಿಕೊಡಿ’ ಅಂತ ಬೆನ್ನು ಬಿದ್ದವಳು ಬೇರಾರೂ ಅಲ್ಲ, ನಮ್ಮ ಚಿಕ್ಕಮ್ಮನೇ. ಉಳಿದ ಆಪರೇಟರುಗಳು ದೂರು ಹೇಳಲು ಪರದೆಯನ್ನು ಅಷ್ಟು ಹೊತ್ತು ನೋಡಬೇಕಲ್ಲ.

“ಹೊಸದರಲ್ಲಿ ಏನೋ ಎಡವಟ್ಟಾಗಿದೆ ಸಾರ್” ಅಂದೆ.

“ಅದೇ ಪ್ರೋಗ್ರಾಮ್ ಇವತ್ತೂ ಅಲ್ಲಿ ಓಡ್ತಿದೆ. ಉಳಿದವರಿಗೆಲ್ಲ ಸರಿಯಾಗೇ ಕಾಣ್ತಿದೆ. ನಿಮ್ಮ ಚಿಕ್ಕಮ್ಮನಿಗೆ ಮಾತ್ರ ತಪ್ಪಾಗಿ ಕಂಡಿತಾ?” ಅಂದರು ಮೇಷ್ಟ್ರು. ಮುಖಕ್ಕೆ ಹೊಡೆದ ಹಾಗಿತ್ತು.

ನಾನು ಪ್ರೋಗ್ರಾಮನ್ನು ನನ್ನ ಕಂಪ್ಯೂಟರಿನಲ್ಲಿ ಓಡಿಸಿದೆ. ತೊಟ್ಟಿಯ ಬದಲು ನಾನೇ ಸುಳ್ಳು ಅಳತೆಗಳನ್ನು ಕೊಡುತ್ತಾ ಹೋದೆ. ಅಳತೆ ಇಳಿಸಿದರೆ ನೀಲಿ ಇಳಿಯಿತು, ಏರಿಸಿದರೆ ಏರಿತು. ಬೇಗ ಇಳಿಸಿದೆ, ನಿಧಾನ ಇಳಿಸಿದೆ, ಉಲ್ಟಾ ಕೊಟ್ಟೆ, ಸೊನ್ನೆ ಕೊಟ್ಟೆ. ಒಂದು ಕಿಟಕಿಯಲ್ಲಿ ಅಳತೆ ಬರೆಯುವುದು, ಇನ್ನೊಂದು ಕಿಟಕಿಗೆ ಹೋಗಿ ನೋಡುವುದು, ಮತ್ತೆ ಇಲ್ಲಿಗೆ ಬರುವುದು. ಜಪ್ಪಯ್ಯ ಅಂದರೂ ತಪ್ಪು ಸಿಗಲಿಲ್ಲ. ಮೇಷ್ಟ್ರು ಟೀ ಲೋಟ ಹಿಡಿದು ನನ್ನ ಬೆನ್ನ ಹಿಂದೆ ಓಡಾಡುತ್ತಾ ಕೆಮ್ಮಿದರು. ಆ ಕೆಮ್ಮಿಗೆ ಅರ್ಥವೇನೆಂದು ನನಗೆ ಗೊತ್ತಿತ್ತು.

ಆಫೀಸಿನಲ್ಲಿ ಸಿಗದಿದ್ದರೆ ಅಲ್ಲೇ ಹೋಗಿ ಹಿಡಿಯುತ್ತೇನೆ ಅಂತ ಗುರುವಾರ ಬೆಳಿಗ್ಗೆ ಪಂಪ್‌ಹೌಸಿಗೆ ಹೋದೆ.

ಪಾಳಿಯಲ್ಲಿ ಇದ್ದವನು ಇಸ್ಪೀಟಣ್ಣ. ದಪ್ಪ ಹೊಟ್ಟೆ, ನಗುಮುಖ, ಕಂಪ್ಯೂಟರಿನಲ್ಲಿ ಇಸ್ಪೀಟಾಟ. ಹೆಸರು ಅದರಿಂದಲೇ ಬಂದದ್ದು. ನನ್ನನ್ನು ನೋಡಿ ಆಟದ ಕಿಟಕಿಯನ್ನು ಗಡಬಡಿಸಿ ಮುಚ್ಚಲು ಹೋದ.

“ಆಡಿ ಅಣ್ಣ, ನಾನೇನು ಯಾರಿಗೂ ಹೇಳಲ್ಲ. ಸುಮ್ನೆ ಪಕ್ಕದಲ್ಲಿ ಕೂರ್ತೀನಿ” ಅಂದೆ.

“ಗಡಿಯಾರಮ್ಮ ಹೇಗಿದಾರೆ?”

“ನಿಂತುಹೋಗಿದೆ” ಅಂದೆ. ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ.

ಕಂಪ್ಯೂಟರ್ ಮುದಿಯಾಗಿತ್ತು, ಆದರೆ ಪರದೆಯ ಮೇಲೆ ಎಲ್ಲವೂ ಜೀವಂತ. ಮೋಟರಿನ ಚಕ್ರ ತಿರುಗುತ್ತಿತ್ತು, ವಾಲ್ವುಗಳ ಬಣ್ಣ ಬದಲಾಗುತ್ತಿತ್ತು, ಮೂಲೆಯ ಗಡಿಯಾರ ನಡೆಯುತ್ತಿತ್ತು. ತೊಟ್ಟಿಯ ಚಿತ್ರದ ಮೇಲೆ ಇಸ್ಪೀಟಿನ ಕಿಟಕಿ ಕೂತಿತ್ತು. ನೀರು ನೋಡಬೇಕು ಅನ್ನಿಸಿದಾಗ ಇಸ್ಪೀಟಣ್ಣ ಆ ಕಿಟಕಿಯನ್ನು ಪಕ್ಕಕ್ಕೆ ಎಳೆಯುತ್ತಿದ್ದ, ನೋಡಿ ಮತ್ತೆ ತಂದು ಮುಚ್ಚುತ್ತಿದ್ದ. ಪ್ರತಿ ಸಲವೂ ಅಳತೆ ಸರಿಯಾಗಿತ್ತು. ನನ್ನ ಧೈರ್ಯ ಕುಸಿಯತೊಡಗಿತು. ಚಿಕ್ಕಮ್ಮ ನಿಜಕ್ಕೂ ತೂಕಡಿಸಿರಬಹುದೇ ಅಂತ ಆ ಕುರ್ಚಿಯಲ್ಲಿ ಕೂತು ನಾನೂ ಒಂದು ಸಲ ಯೋಚಿಸಿದೆ. ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಮೇಲೆ ಅವನಿಗೆ ಆಟ ಬಿಗಿಯಾಯಿತು. ಕಿಟಕಿಯನ್ನು ತೊಟ್ಟಿಯಿಂದ ಪೂರ್ತಿ ಪಕ್ಕಕ್ಕೆ ಇಟ್ಟು ಬಹಳ ಹೊತ್ತು ಎಲೆಗಳನ್ನೇ ದಿಟ್ಟಿಸಿದ. ಕೊನೆಗೆ ಸೋತು, ಬೇಸರದಿಂದ ಕಿಟಕಿಯನ್ನು ಎಳೆದು ತೊಟ್ಟಿಯ ಎಡ ಅಂಚಿನ ಮೇಲೆ ತಂದು ಮತ್ತೆ ಸರಿಸಿದ. ಆಗ ತೊಟ್ಟಿಯ ನೀರಿನಲ್ಲಿ ಒಂದು ಮೆಟ್ಟಿಲು ಕಂಡಿತು.

ನಾನು ಕಣ್ಣುಜ್ಜಿಕೊಂಡೆ. ಎಡಗಡೆ ನೀರು ಕೆಳಗೆ, ಬಲಗಡೆ ನೀರು ಮೇಲೆ, ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ನೇರ ಅಂಚು. ನೀರು ಯಾವತ್ತಾದರೂ ಹಾಗೆ ನಿಲ್ಲುತ್ತದೆಯೇ?

“ಅಣ್ಣಾ! ಇದೇನು?”

“ಓ, ಅದಾ? ಹೊಸ ಪ್ರೋಗ್ರಾಮ್ ಬಂದಾಗಿಂದ ಒಂದೊಂದ್ಸಲ ಹಾಗಾಗುತ್ತೆ. ಕಿಟಕೀನ ಪೂರ್ತಿ ಆ ಕಡೆಯಿಂದ ಈ ಕಡೆಗೆ ಎಳೆದ್ರೆ ಸರಿಹೋಗುತ್ತೆ ನೋಡು.” ಎಳೆದು ತೋರಿಸಿದ. ಮೆಟ್ಟಿಲು ಹೋಯಿತು, ನೀರು ಎಡಗಡೆಯಷ್ಟೇ ಕೆಳಕ್ಕೆ ಸಮನಾಯಿತು.

“ಇದನ್ನ ಯಾರಿಗಾದ್ರೂ ಹೇಳಿದ್ರಾ?”

“ಏನಂತ ಹೇಳ್ಲಮ್ಮ? ಇಸ್ಪೀಟಾಡುವಾಗ ನೋಡ್ದೆ ಅಂತಲಾ?”

ಅವನ ಕೆನ್ನೆಗೊಂದು ಕೊಡಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಆಫೀಸಿಗೆ ಓಡಿದೆ.

ಓದುವವರಿಗೆ ಇಲ್ಲಿ ಒಂದಿಷ್ಟು ಹೇಳಬೇಕು, ಮೇಷ್ಟ್ರ ಹಾಗೆ ಉದ್ದ ಮಾಡುವುದಿಲ್ಲ. ಪರದೆಯ ಮೇಲಿನ ಚಿತ್ರ ಗೋಡೆಯ ಮೇಲಿನ ಚಿತ್ರದಂತಲ್ಲ. ಅದರ ಮೇಲೆ ಇನ್ನೊಂದು ಕಿಟಕಿ ಬಂದು ಸರಿದರೆ ಮುಚ್ಚಿಹೋಗಿದ್ದ ಭಾಗ ಅಳಿಸಿರುತ್ತದೆ. ಆಗ ಕಂಪ್ಯೂಟರು ನಮ್ಮ ಪ್ರೋಗ್ರಾಮನ್ನು ಕರೆದು ‘ಇಷ್ಟು ಜಾಗ ಮತ್ತೆ ಬರಿ’ ಅನ್ನುತ್ತದೆ. ಪ್ರೋಗ್ರಾಮು ಆ ಹೊತ್ತಿನ ಅಳತೆ ನೋಡಿ ಅಷ್ಟು ಜಾಗವನ್ನು ಮಾತ್ರ ಬರೆಯುತ್ತದೆ. ಆದರೆ ಮೇಲೆ ಯಾವ ಕಿಟಕಿಯೂ ಬರದೆ, ಒಳಗಿನ ಅಳತೆ ಮಾತ್ರ ಬದಲಾದರೆ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ‘ಅಳತೆ ಬದಲಾಗಿದೆ, ಮತ್ತೆ ಬರೆಸು’ ಅಂತ ಪ್ರೋಗ್ರಾಮೇ ಕೇಳಿಕೊಳ್ಳಬೇಕು. ಹಳೆಯ ಪ್ರೋಗ್ರಾಮು ಬೇಕಿರಲಿ ಬೇಡದಿರಲಿ ಪರದೆಯನ್ನೆಲ್ಲ ಸೆಕೆಂಡಿಗೊಮ್ಮೆ ಬರೆಯುತ್ತಿತ್ತು, ಮಿಣುಕು ಅದರದ್ದೇ. ಮೇಷ್ಟ್ರು ಅದನ್ನು ಕಿತ್ತುಹಾಕಿ, ಯಾವುದು ಬದಲಾಯಿತೋ ಅದಷ್ಟನ್ನೇ ಬರೆಯುವಂತೆ ಮಾಡಿದ್ದರು. ಹಾಗೆ ಕೇಳಿಕೊಳ್ಳುವ ಒಂದು ಸಾಲು ಚಕ್ರಕ್ಕೆ ಇತ್ತು. ವಾಲ್ವಿಗೆ ಇತ್ತು. ಮೂಲೆಯ ಗಡಿಯಾರಕ್ಕೂ ಇತ್ತು. ತೊಟ್ಟಿಗೆ ಇರಲಿಲ್ಲ.

ನಾನು ಆಫೀಸಿನಲ್ಲಿ ಕಿಟಕಿಯಿಂದ ಕಿಟಕಿಗೆ ಹಾರುತ್ತಿದ್ದೆನಲ್ಲ, ಪ್ರತಿ ಹಾರಾಟಕ್ಕೂ ತೊಟ್ಟಿ ಹೊಸದಾಗಿ ಬರೆಸಿಕೊಳ್ಳುತ್ತಿತ್ತು. ಇಸ್ಪೀಟಣ್ಣನಿಗೂ, ಅವನ ಹಾಗೆ ಆಡುವ ಉಳಿದವರಿಗೂ ಹಾಗೇ. ಆ ದಿನ ಬೆಳಗಿನ ಪಾಳಿ ಮುಗಿಸಿ ಅವನು ಆಟ ಮುಚ್ಚಿ ಎದ್ದುಹೋದಾಗ ತೊಟ್ಟಿ ಹೇಗಿತ್ತೋ ಚಿಕ್ಕಮ್ಮನಿಗೆ ಮೋಟರು ಸುಡುವವರೆಗೂ ಹಾಗೇ ಕಂಡಿದೆ. ಅವಳು ಬೇರೆ ಯಾವ ಕಿಟಕಿಯನ್ನೂ ತೆರೆಯದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ತಪ್ಪು ಕಾಣುವುದಕ್ಕೆ ಅಷ್ಟು ನಿಷ್ಠೆ ಬೇಕಿತ್ತು.

ಮೇಷ್ಟ್ರ ಮುಂದೆ ಪ್ರೋಗ್ರಾಮ್ ಓಡಿಸಿ, ಅಳತೆ ತಾನಾಗಿ ಇಳಿಯುವಂತೆ ಬಿಟ್ಟು, ನನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ. “ಮುಟ್ಟಬೇಡಿ ಸಾರ್. ಸುಮ್ನೆ ನೋಡ್ತಾ ಇರಿ.”

ಅವರು ನೋಡಿದರು. ಟೀ ಆರಿತು. ನೀಲಿ ಅಲ್ಲಾಡಲಿಲ್ಲ. ನಾನು ಬೇರೊಂದು ಕಿಟಕಿಯನ್ನು ಅದರ ಮೇಲೆ ಅರ್ಧ ಎಳೆದೆ, ಮೆಟ್ಟಿಲು ಬಂತು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲ ಬಾರಿಗೆ ಅವರ ಬಾಯಿಂದ ಪಾಠ ಬರಲಿಲ್ಲ.

“ಒಂದು ಸಾಲು ಬಿಟ್ಟುಹೋಗಿದೆ” ಅಂದರು ಕೊನೆಗೆ. “ಸರಿ. ಈಗಲೇ ಹಾಕಿಬಿಡೋಣ. ಸಂಜೆ ನಾನೇ ಹೋಗಿ ಸದ್ದಿಲ್ಲದೆ ಬದಲಾಯಿಸಿ ಬರ್ತೀನಿ.”

“ಇಲ್ಲ ಸಾರ್.”

“ಇಲ್ಲ ಅಂದ್ರೆ?”

“ಸದ್ದಿಲ್ಲದೆ ಬದಲಾಯಿಸಿದ್ರೆ ನಾಳೆ ಅಲ್ಲಿ ತೋರಿಸೋಕೆ ಏನೂ ಉಳಿಯಲ್ಲ. ನಮ್ಮ ಚಿಕ್ಕಮ್ಮ ಸಾಯೋವರೆಗೂ ನಿದ್ದೆ ಮಾಡಿದವಳಾಗಿರ್ತಾಳೆ.”

“ಕಂಪನಿ ಮಾನದ ಪ್ರಶ್ನೆ ಕಣಮ್ಮ. ಈ ಕೆಲಸ ಕೈಬಿಟ್ಟುಹೋದ್ರೆ ನಾಲ್ಕೂ ಮೇಜು ಮುಚ್ಚಬೇಕಾಗುತ್ತೆ, ನಿನ್ನದೂ ಸೇರಿ.”

ಅದು ಸುಳ್ಳಲ್ಲ. ನನಗೂ ಭಯವಾಯಿತು, ಮನೆಯ ಬಾಡಿಗೆ ಕಣ್ಣ ಮುಂದೆ ಬಂತು. ಆದರೆ ಬೆನ್ನ ಹಿಂದೆ ಕೈ ಕಟ್ಟಿಕೊಂಡ ಚಿಕ್ಕಮ್ಮನೂ ಬಂದಳು. ನಾನು ಫೋನ್ ತೆಗೆದು ಅವರ ಎದುರಿಗೇ ದೊಡ್ಡ ಇಂಜಿನಿಯರಿಗೆ ಮಾಡಿದೆ. “ಸಾರ್, ಪರದೆಯನ್ನ ನಂಬಬೇಡಿ. ನಾಳೆಯವರೆಗೆ ಪಾಳಿಯಲ್ಲಿರೋರು ಹೊರಗೆ ಹೋಗಿ ತೊಟ್ಟಿ ಗೋಡೆ ಮೇಲಿನ ಅಳತೆ ಮುಳ್ಳನ್ನೇ ನೋಡ್ಲಿ. ಕಂಪ್ಯೂಟರನ್ನ ಯಾರೂ ಮುಟ್ಟೋದು ಬೇಡ, ನಮ್ಮ ಆಫೀಸಿನವರೂ ಸೇರಿ. ಯಾಕೆ ಅಂತ ನಾಳೆ ನಿಮ್ಮ ಕಣ್ಣಿಗೇ ತೋರಿಸ್ತೀನಿ” ಅಂದೆ. ಮೇಷ್ಟ್ರು ಎದ್ದುಹೋದರು.

ಮನೆಯಲ್ಲಿ ಚಿಕ್ಕಮ್ಮನಿಗೆ ಹೇಳಿದರೆ ಅವಳು ನಂಬಲಿಲ್ಲ. “ನನಗೋಸ್ಕರ ಏನೋ ಹುಟ್ಟಿಸ್ಕೊಂಡು ಬಂದಿದ್ದೀಯ. ನಿನ್ನ ಕೆಲಸಕ್ಕೆ ಸಂಚಕಾರ ತಂದ್ಕೋಬೇಡ. ನಾಳೆ ಒಪ್ಪಿಕೊಂಡು ಸ್ಟೋರಿಗೆ ಹೋಗ್ತೀನಿ” ಅಂದಳು. ಹೇಳಬೇಕಾದ ಮಾತನ್ನು ಆಗಲೇ ಬಾಯಿಪಾಠ ಮಾಡಿಕೊಂಡಿದ್ದಳು.

ಶುಕ್ರವಾರ ಕಂಟ್ರೋಲ್ ರೂಮಿನಲ್ಲಿ ದೊಡ್ಡ ಇಂಜಿನಿಯರು ಆಪರೇಟರ್ ಕುರ್ಚಿಯಲ್ಲೇ ಕೂತಿದ್ದರು. ಇಸ್ಪೀಟಣ್ಣ ಮತ್ತು ಇನ್ನಿಬ್ಬರು ಆಪರೇಟರುಗಳು ಗೋಡೆಗೆ ಒರಗಿದ್ದರು. ಮೇಷ್ಟ್ರೂ ಬಂದು ಬಾಗಿಲ ಬಳಿ ನಿಂತರು. ಚಿಕ್ಕಮ್ಮ ಕೈಚೀಲವನ್ನು ಎದೆಗೊತ್ತಿಕೊಂಡು ಬಾಯಿ ತೆರೆದಳು. “ಸಾರ್, ಅವತ್ತು ನಾನು...”

“ತಡಿ ಚಿಕ್ಕಮ್ಮ” ಅಂದೆ. “ಸಾರ್, ಮೋಟರು ಓಡ್ತಿದೆ. ನೀಲಿ ಎಲ್ಲಿದೆ ಅಂತ ಬೆರಳಿಟ್ಟು ಹಿಡ್ಕೊಳ್ಳಿ. ಬೇರೇನೂ ಮುಟ್ಟಬೇಡಿ.”

ಇಂಜಿನಿಯರು ಗಾಜಿನ ಮೇಲೆ ಬೆರಳಿಟ್ಟರು. ಎಲ್ಲರೂ ಕಾದೆವು. ಚಕ್ರ ತಿರುಗಿತು, ಮೂಲೆಯ ಗಡಿಯಾರ ನಡೆಯಿತು, ನೀಲಿ ಬೆರಳಿನ ಕೆಳಗೇ ಇತ್ತು. ಇಂಜಿನಿಯರಿಗೆ ತೋಳು ನೋಯತೊಡಗಿದ ಮೇಲೆ ನಾನು ಅವರನ್ನು ಹಿಂದಿನ ತೊಟ್ಟಿಗೆ ಕರೆದುಕೊಂಡು ಹೋದೆ. ಅಲ್ಲಿ ನೀರಿನ ಮೇಲೆ ತೇಲುವ ಬುರುಡೆಗೆ ತಂತಿ ಕಟ್ಟಿದ್ದಾರೆ, ಗೋಡೆಯ ಹಲಗೆಯ ಮೇಲೆ ಒಂದು ಮುಳ್ಳು ಅದರ ಜೊತೆಗೆ ಓಡಾಡುತ್ತದೆ. ಆಪರೇಟರ್ ಕುರ್ಚಿ ಬಿಟ್ಟು ಏಳಬಾರದು ಅನ್ನುವ ನಿಯಮ ಇರುವುದರಿಂದ ಚಿಕ್ಕಮ್ಮ ಆ ದಿನ ಇಲ್ಲಿಗೆ ಬಂದು ನೋಡಿರಲಿಲ್ಲ. ಮುಳ್ಳು ಪರದೆಗಿಂತ ಬಹಳ ಕೆಳಗಿತ್ತು.

ಇಂಜಿನಿಯರು ಒಳಗೆ ಬಂದು ಮತ್ತೆ ಪರದೆ ನೋಡಿದರು. ಹಣೆ ಗಂಟಿಕ್ಕಿತು. “ಇದು ತಪ್ಪು ತೋರಿಸ್ತಿದೆ, ಒಪ್ಪಿದೆ. ಆದ್ರೆ ಈಗ ಕೆಟ್ಟಿರಬಹುದು. ಅವತ್ತೂ ಹೀಗೇ ಇದ್ದಿದ್ರೆ ಉಳಿದ ಮೂರು ಜನರ ಪಾಳಿಯಲ್ಲಿ ಯಾಕೆ ಏನೂ ಆಗ್ಲಿಲ್ಲ?”

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಯಾರಿಗೂ ಹೇಳಲ್ಲ ಅಂತ ಇಸ್ಪೀಟಣ್ಣನಿಗೆ ಮಾತು ಕೊಟ್ಟಿದ್ದೆ. ಆ ಮಾತು ಮುರಿದರೆ ಅವನ ಹೊಟ್ಟೆಯ ಮೇಲೆ ಹೊಡೆದ ಹಾಗೆ, ಮುರಿಯದಿದ್ದರೆ ಚಿಕ್ಕಮ್ಮನ ಕಥೆ ಅಷ್ಟೇ. ನಾನು ಮುರಿಯುವವಳೇ ಇದ್ದೆ, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

“ಯಾಕಂದ್ರೆ ನಾವು ಇಸ್ಪೀಟ್ ಆಡ್ತೀವಿ ಸಾರ್.”

ಉಳಿದ ಇಬ್ಬರು ಅವನನ್ನು ತಿಂದುಹಾಕುವಂತೆ ನೋಡಿದರು. ಇಸ್ಪೀಟಣ್ಣ ಬೆವರು ಒರೆಸಿಕೊಳ್ಳುತ್ತಾ ಮುಂದೆ ಬಂದ, ಇಂಜಿನಿಯರ ಭುಜದ ಮೇಲಿಂದ ಬಾಗಿ ಆಟ ತೆರೆದ, ಆ ಕಿಟಕಿಯನ್ನು ತೊಟ್ಟಿಯ ಮೇಲೆ ಅರ್ಧಕ್ಕೆ ಎಳೆದು ತೆಗೆದ. “ನೋಡಿ. ಕಿಟಕಿ ಆಡಿದ ಕಡೆ ನೀರು ಸರಿಯಾಗಿದೆ, ಆಡದೇ ಇರೋ ಕಡೆ ಹಳೇದು. ಗಡಿಯಾರಮ್ಮ ಆಡಲ್ಲ. ಅದಕ್ಕೇ ಅವರಿಗೆ ಪೂರ್ತಿ ಹಳೇದೇ ಕಂಡಿದೆ.”

ಇಂಜಿನಿಯರು ಮೇಷ್ಟ್ರ ಕಡೆ ತಿರುಗಿದರು.

“ಹೌದು” ಅಂದರು ಮೇಷ್ಟ್ರು. “ತಪ್ಪು ನನ್ನದು. ಒಂದು ಸಾಲು ಹಾಕೋದು ಬಿಟ್ಟಿದ್ದೆ.” ಪಾಠವಿಲ್ಲದೆ ಅವರು ಆಡಿದ ಅತಿ ಚಿಕ್ಕ ಮಾತು ಅದು. ಆ ಮಾತಿಗಾಗಿ ನಾನು ಅವರನ್ನು ಈಗಲೂ ಸಾರ್ ಅನ್ನುತ್ತೇನೆ.

ಚಿಕ್ಕಮ್ಮ ಮೆಲ್ಲಗೆ ಪರದೆಯ ಹತ್ತಿರ ಬಂದಳು. ನೀರಿನ ಮೆಟ್ಟಿಲಿನ ಬಲಗಡೆ, ಎತ್ತರದ ನೀಲಿಯ ಮೇಲೆ ಬೆರಳಿಟ್ಟಳು. “ಇಲ್ಲೇ ಇತ್ತು” ಅಂದಳು. “ಅವತ್ತು ಇಡೀ ಹೊತ್ತು ಇಲ್ಲೇ ಇತ್ತು. ನಾನು ನೋಡ್ತಾನೇ ಇದ್ದೆ.” ಆಮೇಲೆ ನನ್ನ ಕಡೆ ತಿರುಗಿದಳು. “ನಾನು ಎಚ್ಚರವಾಗೇ ಇದ್ದೆ ಕಣೇ.”

“ಎಚ್ಚರವಾಗೇ ಇದ್ದೆ” ಅಂದೆ.

ಇಂಜಿನಿಯರು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟರು. ಆಟವಾಡಿದ ಮೂವರಿಗೂ ಎಲ್ಲರ ಮುಂದೆ ಚೆನ್ನಾಗಿ ಮಂಗಳಾರತಿಯಾಯಿತು, ಆದರೆ ಯಾರ ಕೆಲಸವೂ ಹೋಗಲಿಲ್ಲ. ಕೆಟ್ಟ ಗಂಟೆಯನ್ನು ಯಾಕೆ ಸರಿ ಮಾಡಿಸಲಿಲ್ಲ ಅಂತ ಚಿಕ್ಕಮ್ಮ ಕೇಳಿದಾಗ ಇಂಜಿನಿಯರೇ ನೆಲ ನೋಡಿದರು. ಬಿಟ್ಟುಹೋದ ಸಾಲನ್ನು ನಾನೇ ಹಾಕಿದೆ. ಇಸ್ಪೀಟಿನ ಕಿಟಕಿಯನ್ನು ಮುಚ್ಚಿ ಎಲ್ಲರೂ ಕೈಕಟ್ಟಿ ನಿಂತೆವು. ನೀಲಿ ತಾನಾಗಿ ಒಂದು ಕೂದಲೆಳೆಯಷ್ಟು ಇಳಿಯಿತು, ಮತ್ತೆ ಒಂದಿಷ್ಟು ಇಳಿಯಿತು. “ಮಿಣುಕೋದಿಲ್ಲ ತಾನೇ?” ಅಂತ ಕೇಳಿದಳು ಚಿಕ್ಕಮ್ಮ. ಇಲ್ಲ ಅಂದೆ.

ಸಂಜೆ ಪಾಳಿ ಮುಗಿಸಿ ಮನೆಗೆ ಬಂದವಳು ಕೈಕಾಲು ತೊಳೆದು, ನಡುಮನೆಯ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಳು. ಮಗು ನನ್ನ ಸೊಂಟದ ಮೇಲಿತ್ತು. ಚಿಕ್ಕಮ್ಮ ಎರಡೂ ಕೈ ಮುಂದೆ ಚಾಚಿದಳು.

“ಕೊಡಿಲ್ಲಿ ನನ್ನ ಬಂಗಾರಾನ.”

ಕೊಟ್ಟೆ. ಮಗು ಅವಳ ಕೊರಳಿಗೆ ಮುಖ ಒತ್ತಿ ಜೊಲ್ಲು ಸುರಿಸಿತು. ನಾನು ಹಾಲು ಬಿಸಿ ಮಾಡಿ ತರಲು ಒಳಗೆ ಹೋದೆ. ತಿರುಗಿ ಬಂದಾಗ ಮಗು ಅವಳ ಎದೆಯ ಮೇಲೆ ನಿದ್ದೆಹೋಗಿತ್ತು. ಚಿಕ್ಕಮ್ಮನ ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು, ಕೈಗಳು ಮಾತ್ರ ಮಗುವಿನ ಬೆನ್ನ ಮೇಲೆ ಬಿಗಿಯಾಗಿದ್ದವು. ನಾನು ಹಾಲಿನ ಲೋಟವನ್ನು ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತೆ. ಎಬ್ಬಿಸಲಿಲ್ಲ.